ಹದಿನೆಂಟನೆಯ ಮನೆ

ಕಡಲೆ ಬೇಯುವ ವಾಸನೆ ಬಂದರೆ ಯಾರಿಗಾದರೂ ಹಸಿವಾಗಬೇಕು. ನನಗೆ ನಾಚಿಕೆಯಾಗುತ್ತದೆ. ಹೋದ ವಾರ ಅಂಕೋಲೆಯ ನಮ್ಮ ಶಾಲೆಯಲ್ಲಿ ಕ್ರೀಡಾಕೂಟದ ಮಕ್ಕಳಿಗೆಂದು ಅಡುಗೆಯ ಗಂಗಕ್ಕ ದೊಡ್ಡ ಪಾತ್ರೆ ತುಂಬ ಕಡಲೆ ಬೇಯಿಸಿ, ಕಾಯಿಚೂರು ಹಾಕಿ ಕೈಯಾಡಿಸುತ್ತಿದ್ದಳು. ಹಬೆ ಕಿಟಕಿಯಿಂದ ಸ್ಟಾಫ್ ರೂಮಿಗೆ ಬಂತು. ಯಾವ ಹುಡುಗಿ ಯಾವ ಓಟಕ್ಕೆ ಎಂದು ನಾನು ಪಟ್ಟಿ ಬರೆಯುತ್ತಿದ್ದೆ. ಪೆನ್ನು ಕೆಳಗಿಟ್ಟು, ಬರೆದದ್ದನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ. ಯಾರನ್ನಾದರೂ ಇರಬೇಕಾದ ಜಾಗದಿಂದ ಕಿತ್ತು ಬೇರೆಲ್ಲೋ ಇಟ್ಟಿದ್ದೇನೆಯೇ ಎಂದು. ಈ ಅಭ್ಯಾಸ ನನಗೆ ಶಿರವಾಡದಲ್ಲಿ ಅಂಟಿದ್ದು.

ಕಾರವಾರದ ಶಿರವಾಡದಲ್ಲಿ ನಾನಿದ್ದದ್ದು ಒಂದೇ ವರ್ಷ. ಹೈಸ್ಕೂಲಿಗೆ ಕನ್ನಡ ಟೀಚರ್ ಆಗಿ ಜೂನಿನಲ್ಲಿ ಹಾಜರಾದೆ, ಮುಂದಿನ ಮೇ ತಿಂಗಳಲ್ಲಿ ಅಂಕೋಲೆಗೆ ವರ್ಗವಾಯಿತು. ರೈಲು ನಿಲ್ದಾಣದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಕ್ರೈಸ್ತರ ಮೂವತ್ತೊಂದು ಮನೆಗಳ ಒಂದು ಕೇರಿ. ಅದರ ನಡುಮಧ್ಯದಲ್ಲಿ, ಹದಿನೇಳನೆಯ ಮನೆಯಲ್ಲಿ, ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯೊಡತಿ ಕಾರ್ಮಿಣ್ ಬಾಯಿ. ಅರವತ್ತೆಂಟು ವರ್ಷದ ವಿಧವೆ. ಮಗಳು ಮದುವೆಯಾಗಿ ವಾಸ್ಕೋದಲ್ಲಿದ್ದಳು. ಮಗ ಆಂತೋನ್ ಗೋಡೆಯ ಮೇಲೆ ಫೋಟೋದಲ್ಲಿದ್ದ.

ನಾನು ಯಲ್ಲಾಪುರ ಕಡೆಯ ಹವ್ಯಕರ ಮನೆಯವಳು. ಕೋಣೆಗೆ ಬೇರೆ ಒಲೆ, ಬೇರೆ ಬಾಗಿಲು ಇದ್ದರೂ ಗೋಡೆ ಮೇಲಿನವರೆಗೆ ಮುಟ್ಟಿರಲಿಲ್ಲ. ಮಧ್ಯಾಹ್ನ ಮೀನು ಹುರಿಯುವ ಮೊದಲು ಬಾಯಿ ಆಚೆಯಿಂದ ಕೂಗುತ್ತಿದ್ದರು, “ಟೀಚರ್, ಕಿಟಕಿ ತೆಗೀರಿ, ಬಂಗಡೆ ಹಾಕ್ತೇನೆ!” ಊರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು, “ಮೀನು ವಾಸನೆ ಬತ್ತಿಲ್ಯನೇ ಕೂಸೇ?”

“ಬತ್ತು. ಆದ್ರೆ ಮೊದ್ಲೇ ಹೇಳಿ ಬತ್ತು” ಅನ್ನುತ್ತಿದ್ದೆ.

ಕೇರಿಯ ಮಾತೆಲ್ಲ ಕೊಂಕಣಿ, ನನ್ನ ಜೊತೆ ಮಾತ್ರ ಕನ್ನಡ. ಆಗಸ್ಟ್ ಹೊತ್ತಿಗೆ ಕೇಳಿದರೆ ತಿಳಿಯುವಷ್ಟು ಕೊಂಕಣಿ ನನಗೂ ಬಂದಿತ್ತು. ಹಾಗಾಗಿ ಇಲ್ಲಿ ಎಲ್ಲರನ್ನೂ ಕನ್ನಡದಲ್ಲೇ ಮಾತಾಡಿಸುತ್ತೇನೆ.

ನಾನು ಕೇರಿಗೆ ಬಂದ ವಾರವೇ, ಮಳೆ ಹಿಡಿದ ಮೂರನೆಯ ದಿನ, ಪಕ್ಕದ ಮನೆಗೆ ಪೇದ್ರು ವಾಪಸು ಬಂದ. ಬಂದದ್ದು ಜೈಲಿನಿಂದ. ಅವನ ಕಥೆಯನ್ನು ನನಗೆ ಹೇಳಿದವರು ಆರು ಜನ, ಆರು ಮಂದಿಯೂ ದನಿ ತಗ್ಗಿಸಿಯೇ ಹೇಳಿದರು. ಕೆಲವು ವರ್ಷಗಳ ಹಿಂದೆ ಕೇರಿಯ ಹುಡುಗಿಯೊಬ್ಬಳ ಮದುವೆ ಅಂಕೋಲೆಯಲ್ಲಿತ್ತು. ಅಡುಗೆಯ ಪಾತ್ರೆಗಳನ್ನು ಪೇದ್ರು ತನ್ನ ಟೆಂಪೋದಲ್ಲಿ ಒಯ್ದಿದ್ದ. ಊಟವಾದ ಮೇಲೆ ಕುಡಿದ. ಕುಡಿದವನು ಮಲಗಬೇಕಿತ್ತು, ಗಾಡಿ ಹತ್ತಿದ. ಪಾತ್ರೆ ಉರುಳದಂತೆ ಹಿಡಿದುಕೊಳ್ಳಲು ಆಂತೋನ್ ಹಿಂದೆ ಕೂತ. ಹಾಡಹಗಲು, ಮೂರು ಗಂಟೆಯ ಹೊತ್ತಿಗೆ, ಬಿಣಗಾ ಘಾಟಿನ ತಿರುವಿನಲ್ಲಿ ಟೆಂಪೋ ಮಗುಚಿತು. ಪೇದ್ರುಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಆಂತೋನ್ ಅಲ್ಲೇ ಹೋದ. ಇಪ್ಪತ್ನಾಲ್ಕು ವರ್ಷ. ಅವನು ಹಿಡಿದುಕೊಂಡಿದ್ದ ಹಂಡೆ ನಗ್ಗಿದ್ದು, ಈಗಲೂ ಚರ್ಚಿನ ಉಗ್ರಾಣದಲ್ಲಿದೆ. ಅದರಲ್ಲಿ ಯಾರೂ ಅನ್ನ ಮಾಡುವುದಿಲ್ಲ, ಎಸೆಯುವುದೂ ಇಲ್ಲ.

ಜಾಮೀನಿನ ಮೇಲೆ ಹೊರಗಿದ್ದಷ್ಟು ಕಾಲ ಪೇದ್ರು ಗೋವಾದಲ್ಲಿ ಕೂಲಿ ಮಾಡಿದ. ಆಮೇಲೆ ಶಿಕ್ಷೆಯಾಗಿ ಒಂದು ವರ್ಷಕ್ಕೂ ಹೆಚ್ಚು ಒಳಗಿದ್ದ. ಈಗ ಬಂದಿದ್ದ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಬರಬೇಡ ಅನ್ನಲೂ ಇಲ್ಲ. ಅವನು ಅಂಗಡಿಗೆ ಬಂದರೆ ಅಲ್ಲಿದ್ದವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು, ಅಷ್ಟೆ. ಭಾನುವಾರದ ಪೂಜೆಗೆ ಅವನು ಚರ್ಚಿನ ಒಳಗೆ ಬಾರದೆ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ, ಕೊಡೆ ಹಿಡಿದು ನಿಲ್ಲುತ್ತಿದ್ದ. ಜುಲೈಯಲ್ಲಿ ಒಮ್ಮೆ ಫಾದರ್ ಕರುಣೆಯ ಬಗ್ಗೆ ಮುಕ್ಕಾಲು ಗಂಟೆ ಪ್ರವಚನ ಕೊಟ್ಟರಂತೆ. ಕೇರಿಯ ಹಿರಿಯ ಜುಜೆ ಮಾಮ ಅದನ್ನು ನನಗೆ ವರದಿ ಮಾಡುತ್ತ, “ಫಾದರ್ ಹೇಳೂದು ಸರಿಯೇ ಟೀಚರ್. ಆದ್ರೆ ಅವರು ಇಲ್ಲಿ ಮೂರು ವರ್ಷ ಇರೂದು. ನಾವು ಸಾಯೋ ತನಕ” ಅಂದರು.

ಆ ಜುಲೈಯಲ್ಲೇ ಒಂದು ಸಂಜೆ ಗಾಳಿಗೆ ತೆಂಗಿನ ಮಡಲು ಬಿದ್ದು ಮಾಡಿನ ನಾಲ್ಕು ಹಂಚು ಒಡೆದವು. ಮಾಡು ಬಾಯಿಯದು, ಅದರ ಕೆಳಗಿನ ಮಂಚ ನನ್ನದು. ಮರುದಿನ ಬೆಳಿಗ್ಗೆ ಕೈಗಾಕ್ಕೆ ಹೋಗುವ ಬಸ್ಸುಗಳು ರಸ್ತೆಯಲ್ಲಿ ಸದ್ದು ಮಾಡುವ ಹೊತ್ತಿಗೆ ತಲೆಯ ಮೇಲೆ ಹೆಜ್ಜೆ ಕೇಳಿತು. ಹೊರಗೆ ಬಂದು ನೋಡಿದರೆ ಪೇದ್ರು. ಯಾರೂ ಕರೆಯದೆ, ತನ್ನ ಮನೆಯ ನಾಲ್ಕು ಹಂಚು ತಂದು, ಏಣಿ ಹಾಕಿ ಮಳೆಯಲ್ಲೇ ಹತ್ತಿದ್ದ. ಬಾಯಿ ಕಸ ಗುಡಿಸುವ ಹಿಡಿಸೂಡಿ ಹಿಡಿದು ಅಂಗಳಕ್ಕೆ ಬಂದರು.

“ಇಳಿ.”

“ಮಾವ್ಶೇ, ನಾಲ್ಕೇ ಹಂಚು. ಹಾಕಿ ಹೋಗ್ತೇನೆ.”

“ನನಗೆ ಮಾವ್ಶಿ ಅನ್ನಬೇಡ. ಇಳಿ ಕೆಳಗೆ.”

ಮಾವ್ಶಿ ಅಂದರೆ ಚಿಕ್ಕಮ್ಮ. ಹುಟ್ಟಿದಾಗಿನಿಂದ ಪಕ್ಕದ ಮನೆಯಲ್ಲೇ ಬೆಳೆದ ಅವನು ಅವರನ್ನು ಹಾಗೆಯೇ ಕರೆಯುತ್ತಿದ್ದ. ಅವನು ಇಳಿದ. ತಂದ ಹಂಚುಗಳನ್ನು ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಇಟ್ಟು, ಏಣಿ ಹೊತ್ತುಕೊಂಡು ಹೋದ. ಬಾಯಿ ಅವನ್ನು ಮುಟ್ಟಲಿಲ್ಲ, ನನಗೂ ಮುಟ್ಟಲು ಬಿಡಲಿಲ್ಲ. ಹಂಚು ಹಾಕುವ ಬೇರೆಯವನಿಗೆ ಹೇಳಿ ಕಳಿಸಿದರು. ಅವನು ಮಳೆ ಬಿಡಲಿ ಬಾಯಿ ಎಂದ. ಕಾರವಾರದ ಮಳೆ ಹಾಗೆ ಯಾರ ಮಾತಿಗೂ ಬಿಡುವುದಿಲ್ಲ. ಪ್ಲಾಸ್ಟಿಕ್ ಹಾಸಿದೆವು, ಗಾಳಿ ಎತ್ತಿಕೊಂಡು ಹೋಯಿತು. ಕೊನೆಗೆ ಮಂಚವನ್ನು ಮೂಲೆಗೆ ಎಳೆದು ನಡುವೆ ತಗಡಿನ ಬಕೆಟ್ ಇಟ್ಟೆ. ಕೋರ್ಟು ಪೇದ್ರುಗೆ ಕೊಟ್ಟ ಶಿಕ್ಷೆ ಮುಗಿದಿತ್ತು, ಬಾಯಿ ಕೊಟ್ಟ ಶಿಕ್ಷೆಯನ್ನು ನಾನು ಅನುಭವಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬಾಯಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಪೇದ್ರುವಿನ ಮೇಲೆ. ನೋಡಿರದ ಹುಡುಗನ ಸಾವಿಗೆ ನಾನೂ ಆ ಮನುಷ್ಯನನ್ನು ನನ್ನೊಳಗೆ ನಪಾಸು ಮಾಡಿ ಮುಗಿಸಿದ್ದೆ.

ಸೆಪ್ಟೆಂಬರ್ ಕೊನೆಗೆ ಜುಜೆ ಮಾಮ ಒಂದು ಕಾಗದ ಹಿಡಿದು ನನ್ನ ಬಳಿ ಬಂದರು. ಅಕ್ಟೋಬರ್ ಅವರಿಗೆ ಜಪಮಾಲೆಯ ತಿಂಗಳು. ಆ ಮೂವತ್ತೊಂದು ದಿನ ಸಾಯ್ಬಿಣ್, ಅಂದರೆ ಮೇರಿ ತಾಯಿಯ ಪ್ರತಿಮೆ, ಕೇರಿಯ ಮನೆ ಮನೆಗೆ ಹೋಗುತ್ತದೆ. ದಿನಕ್ಕೊಂದು ಮನೆ. ಒಂದು ರಾತ್ರಿ, ಒಂದು ಹಗಲು ಅಲ್ಲಿದ್ದು ಸಂಜೆ ಮುಂದಿನ ಮನೆಗೆ. ಇದ್ದ ಮನೆಯವರೇ ಎತ್ತಿಕೊಂಡು ಹೋಗಿ ಮುಂದಿನ ಮನೆಯವರ ಕೈಗೆ ಕೊಡಬೇಕು. ಮೇಜಿನ ಮೇಲೆ ಇಟ್ಟುಬರುವಂತಿಲ್ಲ, ಮೂರನೆಯವರು ಮಧ್ಯೆ ಬರುವಂತಿಲ್ಲ. ಕೈಯಿಂದ ಕೈಗೆ. ಗೋಡೆಗೆ ಗೋಡೆ ಹತ್ತಿದ ಕ್ರಮದಲ್ಲೇ ಹೋಗಬೇಕು. ಬೀಗ ಹಾಕಿದ ಮನೆಯನ್ನು ಮಾತ್ರ ದಾಟಬಹುದು. ಆಮೇಲೆ ಪ್ರಾರ್ಥನೆ, ಹಾಡು, ಬಂದವರಿಗೆಲ್ಲ ಬೇಯಿಸಿದ ಕಡಲೆ. ಯಾವ ದಿನ ಯಾವ ಮನೆ ಎಂಬ ಪಟ್ಟಿಯನ್ನು ಶಿಲುಬೆ ಕಟ್ಟೆಯ ಹತ್ತಿರ ಅಂಟಿಸುತ್ತಾರೆ.

“ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಆಗ್ತದೆ ಟೀಚರ್” ಅಂದರು ಜುಜೆ ಮಾಮ. “ನಿಮ್ಮದು ಮುತ್ತಿನಂಥ ಅಕ್ಷರ ಅಂತೆ. ಹಳೇ ಪಟ್ಟಿ ನೋಡಿ ದೊಡ್ಡದಾಗಿ ಬರ್ದುಕೊಡಿ. ಹದಿನೇಳು, ಹದಿನೆಂಟು ಮಾತ್ರ...” ಎಂದು ನಿಲ್ಲಿಸಿ, ಕಾರ್ಮಿಣ್ ಬಾಯಿಯ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, “ನಿಮಗೆ ಗೊತ್ತುಂಟಲ್ಲ. ಕಲಿತವರು. ನೋಡಿ ಬರೀರಿ” ಅಂದರು.

ಹದಿನೇಳು ಬಾಯಿಯ ಮನೆ, ಹದಿನೆಂಟು ಪೇದ್ರುವಿನದು. ಅಂದರೆ ಹದಿನೆಂಟನೆಯ ತಾರೀಕಿನ ಸಂಜೆ ಬಾಯಿ ತಮ್ಮ ಕೈಯಾರೆ ಸಾಯ್ಬಿಣಿಯನ್ನು ಒಯ್ದು ಮಗನನ್ನು ಕೊಂದವನ ಕೈಯಲ್ಲಿಡಬೇಕು. ಅದುವರೆಗೆ ಈ ಪ್ರಶ್ನೆ ಎದ್ದಿರಲಿಲ್ಲ. ಅಪಘಾತವಾದ ಮೇಲೆ ಪ್ರತಿ ಅಕ್ಟೋಬರಿನಲ್ಲೂ ಪೇದ್ರುವಿನ ಹೆಂಡತಿ ಲೂಸಿ ಮನೆಗೆ ಬೀಗ ಹಾಕಿ ಅಂಕೋಲೆಯ ತವರಿಗೆ ಹೋಗಿಬಿಡುತ್ತಿದ್ದಳು.

ಆ ಲೂಸಿ ಎರಡು ದಿನದ ನಂತರ ರಸ್ತೆಯಾಚೆಯ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದಳು. ಅವಳ ಹಿತ್ತಲಲ್ಲಿ ಬಾವಿ ಇಲ್ಲ. ಮೊದಲೆಲ್ಲ ಗೋಡೆಯ ನಡುವಿನ ಕಂಡಿಯಿಂದ ಬಂದು ಬಾಯಿಯ ಬಾವಿಯಲ್ಲೇ ನೀರು ಸೇದುತ್ತಿದ್ದಳಂತೆ. ಬರಬೇಡ ಎಂದು ಬಾಯಿ ಹೇಳಿರಲಿಲ್ಲ, ಇವಳೇ ಬಿಟ್ಟಳು.

“ಟೀಚರ್, ಒಂದು ಕೇಳ್ಲಾ? ಪಟ್ಟಿ ನೀವು ಬರಿತೀರಂತೆ. ನಮ್ಮ ಮನೆ ಇರ್ತದಾ?”

“ಯಾಕೆ ಇರೂದಿಲ್ಲ?”

“ಇಲ್ದಿದ್ರೆ ಈಗಲೇ ಹೇಳಿಬಿಡಿ. ಅವನನ್ನು ಕರ್ಕೊಂಡು ಅಂಕೋಲೆಗೆ ಹೋಗ್ತೇನೆ. ಮನೇಲಿ ಮನುಷ್ಯರಿದ್ದೂ ಸಾಯ್ಬಿಣ್ ದಾಟಿ ಹೋಯ್ತು ಅಂತಾದ್ರೆ ಅವ ಮತ್ತೆ ಈ ಕೇರೀಲಿ ಉಳಿಯೂದಿಲ್ಲ. ನಮ್ಮನ್ನು ಬಿಟ್ಟು ಎತ್ಲಾಗಾದ್ರೂ ಹೋಗ್ತಾನೆ. ಈಗಲೇ ಅರ್ಧ ಹೋಗಿದ್ದಾನೆ.”

ನೋಡ್ತೇನೆ ಅಂದೆ. ಆ ರವಿವಾರ ಮಧ್ಯಾಹ್ನ ಡ್ರಾಯಿಂಗ್ ಶೀಟು ಹಾಸಿಕೊಂಡು ಕೂತೆ. ಲೂಸಿಯ ಮನೆ ಪಟ್ಟಿಯಲ್ಲಿರಬೇಕು, ಬಾಯಿಗೆ ನೋವಾಗಬಾರದು. ಯೋಚಿಸಿ ಯೋಚಿಸಿ ಪೇದ್ರುವಿನ ಮನೆಯನ್ನು ಹದಿನೆಂಟರಿಂದ ಎತ್ತಿ ಮೂವತ್ತೊಂದಕ್ಕೆ ಹಾಕಿದೆ. ಹತ್ತೊಂಬತ್ತನೆಯದಾಗಿದ್ದ ಮಿಂಗೆಲ್ ಅವರ ಮನೆ ಹದಿನೆಂಟಾಯಿತು. ಅವರು ನೌಕಾನೆಲೆಗೆ ಜಾಗ ಹೋದಾಗ ಚೆಂಡಿಯಾದಿಂದ ಬಂದವರು. ಎಷ್ಟೋ ವರ್ಷವಾದರೂ ಕೇರಿಗೆ ಇನ್ನೂ ‘ಹೊಸಬರು’. ಎಲ್ಲಿ ಹಾಕಿದರೂ ಜಗಳ ತೆಗೆಯುವವರಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಜುಜೆ ಮಾಮ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, “ಶಾಣೆ ಇದ್ದೀರಿ! ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ” ಅಂದರು. ಕೇರಿಯ ಯಾರೊಬ್ಬರೂ ಇದೇಕೆ ಹೀಗೆ ಎಂದು ಕೇಳಲಿಲ್ಲ.

ಲೂಸಿಗೆ ನಾನೇ ಹೋಗಿ ಹೇಳಿದೆ, “ನಿಮ್ಮದು ಇದೆ. ಮೂವತ್ತೊಂದಕ್ಕೆ.” ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಹಾಂ” ಅಂದು ಕೊಡ ಎತ್ತಿಕೊಂಡು ಹೋದಳು. ಉಪಕಾರ ಸ್ಮರಣೆ ಇಲ್ಲದವಳು ಅಂದುಕೊಂಡೆ.

ಅಕ್ಟೋಬರ್ ಬಂತು. ಮಳೆ ಸಂಜೆಗಷ್ಟೇ ಗುಡುಗಿನ ಜೊತೆ ಬಂದು ಹೋಗುವಂತಾಯಿತು. ಬಕೆಟ್ಟಿಗೆ ದಿನಕ್ಕೆ ಒಂದೇ ಪಾಳಿ. ಗೋಡೆಯ ಬುಡದ ನಾಲ್ಕು ಹಂಚುಗಳ ಮೇಲೆ ಹಾವಸೆ ಹಬ್ಬಿ ಹಸಿರಾಗಿತ್ತು. ಪ್ರತಿ ಸಂಜೆ ಕೇರಿಯಲ್ಲಿ ಮೇಣದ ಬತ್ತಿಯ ಸಾಲು, ಹಾಡು. ನಾನೂ ಕುತೂಹಲಕ್ಕೆ ಹೋಗುತ್ತಿದ್ದೆ, ಕಡಲೆಗೂ ಅನ್ನಿ. ಪ್ರತಿಮೆ ಮೊಳ ಎತ್ತರದ್ದು. ಮರದ ಪೆಟ್ಟಿಗೆ, ಮುಂದೆ ಗಾಜು. ನೋಡಲು ಚಿಕ್ಕದಾದರೂ ಹೊತ್ತವರ ತೋಳು ನೋಡಿದರೆ ಅದರ ಭಾರ ತಿಳಿಯುತ್ತಿತ್ತು. ಪೇದ್ರು ಯಾವ ಮನೆಗೂ ಬರುತ್ತಿರಲಿಲ್ಲ. ಕತ್ತಲಲ್ಲಿ ತನ್ನ ಬೇಲಿಯ ಬಳಿ ನಿಂತು ಹಾಡು ಮುಗಿಯುವವರೆಗೆ ಕೇಳಿ ಒಳಗೆ ಹೋಗುತ್ತಿದ್ದ.

ಹದಿನಾರನೆಯ ತಾರೀಕು ಶಾಲೆಯಿಂದ ಬಂದಾಗ ಬಾಯಿ ಹಜಾರದ ದೇವರ ಪೀಠ ಒರೆಸುತ್ತಿದ್ದರು. ಆಂತೋನನ ಫೋಟೋ ಕೆಳಗಿಳಿಸಿ, ಅದರ ಗಾಜನ್ನೂ ಉಜ್ಜಿ ಬಿಸಿಲಿಗೆ ಇಟ್ಟಿದ್ದರು.

“ಟೀಚರ್, ಗೊಂಡೆ ಹೂವಿನ ಮಾಲೆಗೆ ಹೇಳ್ಬೇಕು. ನಾಳೆ ನಮ್ಮಲ್ಲಿಗೆ ಬರ್ತದೆ. ನಾಡಿದ್ದು ಪಕ್ಕಕ್ಕೆ ಹೋಗೂದು” ಅಂದರು.

ಪಟ್ಟಿಯನ್ನು ಅವರು ಓದಿರಲೇ ಇಲ್ಲ. ಯಾಕೆ ಓದಬೇಕು? ಮದುವೆಯಾಗಿ ಬಂದಾಗಿನಿಂದ ಆ ಕ್ರಮ ಅವರಿಗೆ ಬಾಯಿಪಾಠ.

“ಪಕ್ಕಕ್ಕಲ್ಲ ಬಾಯಿ” ಅಂದೆ. “ನಾಡಿದ್ದು ಮಿಂಗೆಲ್ ಅವರಲ್ಲಿ.”

ಅರಿವೆ ಹಿಡಿದ ಕೈ ನಿಂತಿತು. “ಮತ್ತೆ ಪೇದ್ರೂದು?”

ಆ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಕೊನೆಗೆ ಹಾಕಿದ್ದೇವೆ. ಮೂವತ್ತೊಂದಕ್ಕೆ. ನಿಮಗೆ ಕಷ್ಟ ಆಗ್ತದೆ ಅಂತ...”

“ಯಾರು ಹಾಕಿದ್ದು?”

“ನಾನೇ.”

ಬಾಯಿ ಸ್ಟೂಲಿನ ಮೇಲೆ ಕೂತರು. ಸಿಟ್ಟು ಬಂದಾಗ ಅವರ ಕನ್ನಡ ನಿಧಾನವಾಗುತ್ತಿತ್ತು. “ಹಾಗಾದ್ರೆ ನಾಡಿದ್ದು ನಾನು ಸಾಯ್ಬಿಣಿಯನ್ನು ಎತ್ಕೊಂಡು ಅವರ ಬಾಗಿಲ ಮುಂದಿಂದ ಹೋಗ್ಬೇಕು. ಲೂಸಿ ಒಳಗಿಂದ ನೋಡ್ತಾಳೆ. ಅವ ಬೇಲಿ ಹತ್ರ ನಿಂತಿರ್ತಾನೆ. ನಾನು ಮುಖ ಆಚೆ ತಿರುಗಿಸಿಕೊಂಡು ಹೋಗೂದಾ? ಸಾಯ್ಬಿಣಿಯ ಮುಖ ಎತ್ತ ತಿರುಗಿಸೂದು?”

ಆ ದಾರಿ ನನಗೆ ಹೊಳೆದೇ ಇರಲಿಲ್ಲ. ಕಾಗದದ ಮೇಲೆ ಹದಿನೇಳರಿಂದ ಹತ್ತೊಂಬತ್ತಕ್ಕೆ ಹಾರುವುದು ಸುಲಭ. ರಸ್ತೆಯಲ್ಲಿ ಹೋದರೆ ನಡುವೆ ಒಂದು ತೆರೆದ ಬಾಗಿಲಿತ್ತು. ಲೂಸಿ ಅಂದು ನನ್ನ ಮುಖ ನೋಡಿದ್ದು ಯಾಕೆಂದು ಆಗ ತಿಳಿಯಿತು. ಕಿವಿಯವರೆಗೂ ಬಿಸಿಯಾಯಿತು.

“ನೀವು ಅವನನ್ನು ಕ್ಷಮಿಸಿದ್ದೀರಿ ಅಂತ ನನಗೆ ಗೊತ್ತಿರಲಿಲ್ಲ ಬಾಯಿ” ಅಂದೆ.

“ಯಾರು ಹೇಳಿದ್ದು ಕ್ಷಮಿಸಿದ್ದೇನೆ ಅಂತ?” ಅವರ ದನಿ ಏರಿತು. “ಪ್ರತಿದಿನ ಜಪಮಾಲೆ ಹಿಡಿದು ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ’ ಅನ್ನೂ ಜಾಗಕ್ಕೆ ಬಂದಾಗ ನಾನು ಬಾಯಿ ಮುಚ್ತೇನೆ. ದೇವರಿಗೆ ಸುಳ್ಳು ಹೇಳ್ಲಿಕ್ಕೆ ಆಗ್ತದಾ? ನನ್ನ ಸಿಟ್ಟು ನನ್ನದು. ಅದಕ್ಕೆ ನನ್ನ ಮನೆ ಸೋರಲಿ, ನನ್ನ ಅನ್ನ ಹಳಸಲಿ. ಸಾಯ್ಬಿಣ್ ನನ್ನದಲ್ಲ. ಅವಳ ಮಗನನ್ನೂ ಕೊಂದಿದ್ದಾರೆ. ಅವಳು ಯಾರ ಮನೇನೂ ದಾಟಿ ಹೋಗ್ಲಿಲ್ಲ. ಅವನಿಗೆ ಕೋರ್ಟು ತೀರ್ಪು ಕೊಟ್ಟಾಯ್ತು, ಅವ ಹೋಗಿ ಕೂತು ಬಂದಾಯ್ತು. ಮೇಲಿಂದ ಇನ್ನೊಂದು ತೀರ್ಪು ಬರೀಲಿಕ್ಕೆ ನೀವು ಯಾರು ಟೀಚರ್?”

ಸೋರುತ್ತಿದ್ದದ್ದು ನನ್ನ ಕೋಣೆ ಎಂದು ಹೇಳುವ ಧೈರ್ಯ ಆಗ ಬರಲಿಲ್ಲ.

ಅವರು ಚಪ್ಪಲಿ ಮೆಟ್ಟಿದರು. “ಪೆನ್ನು ತಗೊಳ್ಳಿ, ನಡೀರಿ.” ಶಿಲುಬೆ ಕಟ್ಟೆಯ ಬಳಿ ಸಂಜೆಯ ಪ್ರಾರ್ಥನೆಗೆಂದು ಹತ್ತಿಪ್ಪತ್ತು ಜನ ಸೇರಿದ್ದರು. ನನ್ನ ಚೀಲದಲ್ಲಿ ಸಿಕ್ಕಿದ್ದು ಕೆಂಪು ಪೆನ್ನು ಮಾತ್ರ, ಉತ್ತರಪತ್ರಿಕೆ ತಿದ್ದುವಂಥದ್ದು. ಅಷ್ಟು ಜನರ ಎದುರು, ಬಾಯಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ, ನನ್ನ ಮುತ್ತಿನಂಥ ಅಕ್ಷರದ ಮೇಲೆ ನಾನೇ ಕೆಂಪು ಗೆರೆ ಎಳೆದು ಹದಿನೆಂಟರ ಮುಂದೆ ಪೇದ್ರು, ಲೂಸಿ ಎಂದು ಬರೆದೆ. ಅಲ್ಲಿಂದ ಕೆಳಗಿನ ಹದಿಮೂರು ಸಾಲುಗಳನ್ನೂ ತಿದ್ದಬೇಕಾಯಿತು.

ಜುಜೆ ಮಾಮ ಮೆಲ್ಲಗೆ ಅಂದರು, “ಕಾರ್ಮಿಣ್, ನಿನಗೋಸ್ಕರವೇ ನಾವು ಹಾಗೆ ಮಾಡಿದ್ದು.”

“ನನ್ನ ಹೆಸರು ಹೇಳಿ ನನ್ನ ಕೈಗೆ ಕಲ್ಲು ಕೊಡಬೇಡ ಜುಜೆ” ಅಂದರು ಬಾಯಿ. “ಹೊಡೆಯೂದಾದ್ರೆ ನಾನೇ ಹುಡುಕಿ ಹೊಡೀತೇನೆ.”

ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು.

ಹದಿನೇಳರಂದು ಸಾಯ್ಬಿಣ್ ನಮ್ಮ ಮನೆಗೆ ಬಂತು. ಆ ಇಡೀ ದಿನ ಪಕ್ಕದ ಮನೆಯಲ್ಲಿ ಪಾತ್ರೆಯ ಸದ್ದು. ಲೂಸಿ ಮೂರು ಪಾತ್ರೆಗಳಲ್ಲಿ ಕಡಲೆ ನೆನೆಹಾಕಿದ್ದಾಳೆ ಎಂದು ಮಿಂಗೆಲನ ಹೆಂಡತಿ ಬಂದು ಹೇಳಿದಳು. “ಪಾಪ, ಅಷ್ಟು ತಿನ್ಲಿಕ್ಕೆ ಯಾರು ಹೋಗ್ತಾರೋ” ಎಂದೂ ಸೇರಿಸಿದಳು. ರಾತ್ರಿ ಎಲ್ಲರೂ ಹೋದ ಮೇಲೆ ಪ್ರತಿಮೆಯ ಎದುರು ಕೂತ ಬಾಯಿ ಎಷ್ಟು ಹೊತ್ತಿಗೆ ಎದ್ದರೋ ನನಗೆ ಗೊತ್ತಿಲ್ಲ.

ಹದಿನೆಂಟು ಶನಿವಾರ. ಸಂಜೆ ನಮ್ಮ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಜನ. ಭಕ್ತಿ ಎಷ್ಟೋ, ನೋಡಬೇಕೆಂಬ ಚಪಲ ಎಷ್ಟೋ. ನನ್ನದು ಎರಡನೆಯದೇ ಎಂದು ಒಪ್ಪಿಕೊಳ್ಳುತ್ತೇನೆ. ಮಳೆ ಇರಲಿಲ್ಲ, ಮೋಡ ಕಟ್ಟಿ ಸೆಖೆ. ಬಾಯಿ ಮದುವೆಗೆ ಉಡುವಂಥ ಸೀರೆ ಉಟ್ಟು ಪೆಟ್ಟಿಗೆ ಎತ್ತಿಕೊಂಡರು. ಗೋಡೆಯ ಕಂಡಿಯಿಂದ ದಾಟಿದರೆ ಹತ್ತು ಹೆಜ್ಜೆ. ಸಾಯ್ಬಿಣಿಯನ್ನು ಹಿತ್ತಲಿಂದ ಒಯ್ಯುವುದಿಲ್ಲ. ರಸ್ತೆಗೆ ಇಳಿದು, ಸುತ್ತಿ, ಪೇದ್ರುವಿನ ಮುಂಬಾಗಿಲಿಗೆ ಹೋದರು. ಹಿಂದೆ ನಾವು ಹಾಡುತ್ತ ಹೋದೆವು. ಗೇಟಿನ ಹತ್ತಿರ ಬಂದಾಗ ಹಾಡು ತೆಳ್ಳಗಾಯಿತು. ಅರ್ಧಕ್ಕಿಂತ ಹೆಚ್ಚು ಜನ ರಸ್ತೆಯಲ್ಲೇ ನಿಂತರು.

ಹೊಸಿಲಲ್ಲಿ ಲೂಸಿ ಒಬ್ಬಳೇ ನಿಂತಿದ್ದಳು. ಎರಡೂ ಕೈ ಚಾಚಿದಳು. ಬಾಯಿ ಕೊಡಲಿಲ್ಲ.

“ಗಂಡ ಎಲ್ಲಿ?”

“ಅವ ಬರೂದಿಲ್ಲ ಬಾಯಿ. ಹಿತ್ತಲಲ್ಲಿದ್ದಾನೆ. ಎಷ್ಟು ಹೇಳಿದ್ರೂ... ನನ್ನ ಕೈಗೇ ಕೊಡಿ.”

“ಬರಲಿ. ನಾನು ನಿಂತಿರ್ತೇನೆ.”

ನಿಂತರು. ಜುಜೆ ಮಾಮ ಸ್ವಲ್ಪ ಹೊತ್ತು ನಾನು ಹಿಡಿಯುತ್ತೇನೆ ಎಂದು ಮುಂದೆ ಬಂದರು, ಬಾಯಿ ತಲೆಯಾಡಿಸಿ ಬೇಡ ಅಂದರು. ಅವರ ಕೈಯಲ್ಲಿ ಪೆಟ್ಟಿಗೆಯ ಗಾಜು ಸಣ್ಣಗೆ ಸದ್ದು ಮಾಡುತ್ತಿತ್ತು. ನನಗೆ ಭಯವಾಯಿತು. ಬಿದ್ದರೆ ಒಡೆಯುವುದು ಪ್ರತಿಮೆ ಮಾತ್ರವಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಲೂಸಿ ಒಳಗೆ ಓಡಿದಳು. ಅಡುಗೆಮನೆಯ ಆಚೆ ಪಿಸುಮಾತು, ಅಳು. ಆಮೇಲೆ ಪೇದ್ರು ಬಂದ. ಒದ್ದೆ ಕೈಯನ್ನು ಅಂಗಿಗೆ ಒರೆಸುತ್ತ, ಒರೆಸುತ್ತ, ಒಣಗಿದ ಮೇಲೂ ಒರೆಸುತ್ತ ಬಂದು ಹೊಸಿಲೊಳಗೆ ನಿಂತ. ತಲೆ ಎತ್ತಲಿಲ್ಲ. ಕೈಗಳನ್ನು ಮಾತ್ರ ಚಾಚಿದ. ಬಾಯಿ ಪೆಟ್ಟಿಗೆಯನ್ನು ಅವನ ಕೈಗಳ ಮೇಲಿಟ್ಟರು. ತಕ್ಷಣ ಬಿಡಲಿಲ್ಲ.

“ಗಟ್ಟಿ ಹಿಡಿ” ಅಂದರು.

ಅವನು ಹಿಡಿದ. ಆಗ ಬಿಟ್ಟರು.

ಅಷ್ಟೇ ನಡೆದದ್ದು. ತಬ್ಬಿಕೊಳ್ಳಲಿಲ್ಲ, ಕಾಲಿಗೆ ಬೀಳಲಿಲ್ಲ. ಪೇದ್ರು ಪ್ರತಿಮೆಯನ್ನು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತ. ಬಾಯಿ ಒಳಗೆ ಹೋಗಿ ನೆಲದ ಮೇಲೆ ಹಾಸಿದ ಚಾಪೆಯ ಮೊದಲ ಸಾಲಿನಲ್ಲಿ ಕೂತು, ಹಿಂದೆ ತಿರುಗಿ, “ಎಲ್ಲ ರಸ್ತೇಲಿ ಎಂಥ ಮಾಡ್ತಿದ್ದೀರಿ? ಬಸ್ಸಿಗೆ ಕಾಯ್ತಿದ್ದೀರಾ?” ಎಂದು ಕೂಗಿದರು. ಜನ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಚಾಪೆ ಸಾಲದೆ ಮಿಂಗೆಲನ ಹೆಂಡತಿ ತನ್ನ ಮನೆಯಿಂದ ಎರಡು ತಂದಳು.

ಪ್ರಾರ್ಥನೆ ಮುಗಿದ ಮೇಲೆ ಲೂಸಿ ಕಡಲೆ ತಂದಳು. ಯಾರ ಕೈಯೂ ಮುಂದೆ ಬರಲಿಲ್ಲ, ಎಲ್ಲರೂ ಬಾಯಿಯನ್ನೇ ನೋಡುತ್ತಿದ್ದರು. ಬಾಯಿ ಒಂದು ಹಿಡಿ ತೆಗೆದುಕೊಂಡು, ಸಾವಕಾಶ ಅಗಿದು, “ಉಪ್ಪು ಕಮ್ಮಿ ಆಯ್ತು ಲೂಸಿ” ಅಂದರು. ಲೂಸಿ ಉಪ್ಪು ತರಲು ಒಳಗೆ ಓಡಿದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮೂರು ಪಾತ್ರೆ ಕಡಲೆಯೂ ಖರ್ಚಾಯಿತು. ನಾನು ಎರಡು ಸಲ ಹಾಕಿಸಿಕೊಂಡೆ. ಉಪ್ಪು ಸರಿಯಾಗೇ ಇತ್ತು.

ಮರುದಿನ ಭಾನುವಾರ. ಪೂಜೆ ಮುಗಿಸಿ ಬಂದ ಬಾಯಿ ಸೀರೆ ಬದಲಾಯಿಸಿ, ನೇರ ಗೋಡೆಯ ಕಂಡಿಯ ಹತ್ತಿರ ಹೋಗಿ ಆಚೆಗೆ ಕೂಗಿದರು.

“ಪೇದ್ರು! ಏಣಿ ತಗೊಂಡು ಬಾ. ಹಂಚು ನಾಲ್ಕು ಇಲ್ಲೇ ಬಿದ್ದಿವೆ, ಹಾವಸೆ ಹಿಡಿದಿದೆ. ತಿಕ್ಕಿ ಹಾಕು.”

ಜುಲೈಯಿಂದ ಬಕೆಟ್ ಚೆಲ್ಲಿದವಳಿಗೆ ಒಂದು ಮಾತಾಡುವ ಹಕ್ಕಿತ್ತು. “ಮಳೆಗಾಲ ಮುಗೀತಲ್ಲ ಬಾಯಿ, ಈಗೆಂಥಕ್ಕೆ?” ಅಂದೆ.

“ಬರೂ ವರ್ಷ ಮಳೆ ಬರೂದಿಲ್ವಾ? ಅಲ್ಲ, ಅದರ ಪಟ್ಟೀನೂ ನೀವೇ ಬರಿತೀರಾ ಟೀಚರ್?”

ಪೇದ್ರು ಬಂದ. ಬಾವಿಕಟ್ಟೆಯ ಮೇಲೆ ಕೂತು ನಾಲ್ಕು ಹಂಚುಗಳನ್ನೂ ತೆಂಗಿನ ನಾರಿನಿಂದ ಉಜ್ಜಿ ತೊಳೆದ. ನೀರನ್ನು ಅವನೇ ಸೇದಿದ. ಹಂಚುಗಳನ್ನು ಗೋಣಿಯಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಏಣಿಯನ್ನು ಮಾಡಿಗೆ ಒರಗಿಸಿದ. ನಾಲ್ಕು ತಿಂಗಳ ಮಳೆಗೆ ಅಂಗಳದ ಮಣ್ಣು ಕೊಚ್ಚಿ ತಗ್ಗುದಿಣ್ಣೆಯಾಗಿತ್ತು. ಅವನು ನಾಲ್ಕನೆಯ ಮೆಟ್ಟಿಲು ಹತ್ತಿದಾಗ ಏಣಿಯ ಒಂದು ಕಾಲು ಜಾರಿ ಏಣಿ ಪಕ್ಕಕ್ಕೆ ವಾಲಿತು. ನಾನು ಕೋಣೆಯ ಬಾಗಿಲಿನಿಂದ ಓಡುವಷ್ಟರಲ್ಲಿ ಬಾಯಿ ಎರಡೂ ಕೈಯಿಂದ ಏಣಿಯನ್ನು ಅವುಚಿ ಹಿಡಿದಿದ್ದರು, ಮೈಯ ಭಾರವನ್ನೆಲ್ಲ ಅದಕ್ಕೆ ಒತ್ತಿ.

ಪೇದ್ರು ಅಲ್ಲೇ ನಿಂತ. ಮೇಲೂ ಹೋಗಲಿಲ್ಲ, ಇಳಿಯಲೂ ಇಲ್ಲ. ಕೆಳಗೆ ನೋಡದೆ, ಹಂಚಿಗೆ ಹೇಳಿದ ಹಾಗೆ ಅಂದ, “ಮಾವ್ಶೇ, ಸ್ವಲ್ಪ ಗಟ್ಟಿ ಹಿಡಿ.”

“ಹಿಡಿದಿದ್ದೇನೆ” ಅಂದರು ಬಾಯಿ. “ನೀನು ಹತ್ತು.”